ಬಲಕ್ಕೆ ಬಿದ್ದ ಪಕಳೆಗಳು

ರಾಯಚೂರಿನ ಹೂವಿನ ಸಾಲಿನಲ್ಲಿ ಹೂವಿಗೆ ದೇಟು ಇರುವುದಿಲ್ಲ. ಸೇವಂತಿಗೆ, ಚೆಂಡುಹೂ, ಕನಕಾಂಬರ, ಎಲ್ಲವೂ ಕುತ್ತಿಗೆಯಿಂದ ಮೇಲಷ್ಟೇ ಬರುತ್ತವೆ. ಕಟ್ಟಿದ್ದಾದರೆ ಮೊಳದ ಲೆಕ್ಕ, ಬಿಡಿಯಾದರೆ ತೂಕದ ಲೆಕ್ಕ. ನಮ್ಮಲ್ಲಿ ಹೂ ಹೋಗುವ ಜಾಗಗಳು ಮೂರೇ: ದೇವರು, ಹೆರಳು, ಹೆಣ. ಮೂರಕ್ಕೂ ದೇಟು ಬೇಡ. ಹೂದಾನಿಗೆ ಮಾತ್ರ ಬೇಕು, ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ.

ನಮ್ಮ ಮನೆಯಲ್ಲಿ ಒಂದು ಹೂದಾನಿ ಇತ್ತು. ಹೊಸ ಮನೆಗೆ ಒಕ್ಕಲು ಬಂದ ದಿನ ಯಾರೋ ಕೊಟ್ಟದ್ದು. ಯಾರೆಂದು ನೆನಪಿಲ್ಲದ್ದರಿಂದ ಎಸೆಯುವ ಧೈರ್ಯವಾಗಿರಲಿಲ್ಲ; ಕೊಟ್ಟವರು ಯಾವತ್ತು ಬಾಗಿಲಲ್ಲಿ ಬಂದು ನಿಲ್ಲುತ್ತಾರೋ ಹೇಳಲಾಗದು. ದಪ್ಪ ಗಾಜು, ಸಣ್ಣ ಸೊಂಟ, ಅಗಲ ಬಾಯಿ. ಬಹಳ ವರ್ಷ ಅದರಲ್ಲಿ ಬಾಚಣಿಗೆಗಳೂ ಶಾಯಿ ಮುಗಿದ ಪೆನ್ನುಗಳೂ ಇದ್ದವು.

ನಾನು ಯರಗೇರಾದ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಗುಮಾಸ್ತೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಒಂದು ಸಲ ಅಲ್ಲಿ ಸಮಾರಂಭ ಮುಗಿದ ಮೇಲೆ ವೇದಿಕೆಯ ಗುಲಾಬಿಗಳನ್ನು ಕಸದ ಡಬ್ಬಿಗೆ ಹಾಕುತ್ತಿದ್ದರು. ಉದ್ದ ದೇಟಿನ, ಇನ್ನೂ ಕಳೆಯಿದ್ದ ಹೂಗಳು. ಬಂದ ಅತಿಥಿಗಳು ಅವುಗಳ ಕಡೆ ತಿರುಗಿಯೂ ನೋಡಿರಲಿಲ್ಲ. ನಾನು ಒಂದು ಹಿಡಿ ಎತ್ತಿಕೊಂಡು ಬಸ್ ಹತ್ತಿದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಯಾರಿಗರೀ ಸನ್ಮಾನ?" ಎಂದು ಕೇಳಿದಳು. "ನನಗೇರಿ" ಎಂದೆ. ಆಕೆ ಜಾಗ ಬಿಟ್ಟು ಸರಿದು ಕೂತಳು.

ಮನೆಗೆ ಬಂದು ಬಾಚಣಿಗೆಗಳನ್ನು ತೆಗೆದು, ಹೂದಾನಿ ತಿಕ್ಕಿ ತೊಳೆದು, ನೀರು ಹಾಕಿ ಹೂ ನಿಲ್ಲಿಸಿದೆ. ಎರಡು ಬಾಗಿದವು, ಒಂದು ಗೋಡೆಯ ಕಡೆ ಮುಖ ಮಾಡಿತು. ಆದರೂ ಕೂತು ನೋಡಿದೆ. ಅಕ್ಕಿ ಆರಿಸು, ಬಟ್ಟೆ ಮಡಚು, ಸಿಲಿಂಡರಿಗೆ ಫೋನು ಮಾಡು ಎಂದು ನಮ್ಮ ಮನೆಯ ಪ್ರತಿಯೊಂದು ವಸ್ತುವೂ ನನಗೆ ಒಂದು ಕೆಲಸ ಹೇಳುತ್ತದೆ. ಇದೊಂದು ಏನೂ ಹೇಳಲಿಲ್ಲ. ಅದೇ ನನಗೆ ಹಿಡಿಸಿತು.

ಅಂದಿನಿಂದ ರೂಢಿಯಾಯಿತು. ಬಸ್ ಸ್ಟ್ಯಾಂಡಿನ ಹತ್ತಿರ ಮದುವೆ ಸ್ಟೇಜಿಗೆ, ಕಾರಿಗೆ ಹೂ ಕಟ್ಟುವವರ ಅಂಗಡಿಯೊಂದಿದೆ. ಲಗ್ನದಲ್ಲಿ ಉಳಿದ ಗುಲಾಬಿ, ಕಡ್ಡಿ ಸೇವಂತಿಗೆಗಳನ್ನು ಮರುದಿನ ಸಂಜೆ ರಬ್ಬರ್ ಬ್ಯಾಂಡು ಹಾಕಿ ಅಗ್ಗಕ್ಕೆ ಕೊಟ್ಟುಬಿಡುತ್ತಾರೆ. ಅಲ್ಲಿ ಕೂರುವಾಕೆಗೆ ನಾನು ಗಿರಾಕಿಯೋ ಕಸ ಒಯ್ಯುವವಳೋ ಎಂಬುದು ಕೊನೆಗೂ ತೀರ್ಮಾನವಾಗಲಿಲ್ಲ.

ಹೂದಾನಿ ಇಟ್ಟದ್ದು ಪಡಸಾಲೆಯ ಗೋಡೆಯ ಹಲಗೆಯ ಮೇಲೆ. ಅದರ ಮೇಲುಗಡೆ ಗೋಡೆಗೆ ನಮ್ಮ ಮನೆದೇವರು ಮಲ್ಲಯ್ಯನ ಪಟ. ಬೇರೆ ಯಾವ ಜಾಗದಲ್ಲಿ ಇಟ್ಟಿದ್ದರೂ ಮುಂದಿನದ್ದೇನೂ ಆಗುತ್ತಿರಲಿಲ್ಲ.

ಇಲ್ಲಿ ನಮ್ಮತ್ತೆಯ ವಿಷಯ ಹೇಳಬೇಕು. ದೇವದುರ್ಗ ತಾಲೂಕಿನಲ್ಲಿ, ಗೂಗಲ್ ಎಂಬ ಊರಿನ ಕಡೆಯ ಹೊಳೆಸಾಲಿನ ಹಳ್ಳಿಯವರು. ನಾನು ಮದುವೆಯಾಗಿ ಬಂದಾಗಿನಿಂದ ಒಂದೇ ಮನೆಯಲ್ಲಿದ್ದೇವೆ. ಜಗಳವಾಡುವುದು ಕಡಿಮೆ, ಮಾತಾಡುವುದೂ ಕಡಿಮೆ. ಬೇಕಾದದ್ದನ್ನು ನೇರವಾಗಿ ಕೇಳುವ ಪೈಕಿ ಅವರಲ್ಲ. ಚಹಾ ಬೇಕಾದರೆ "ಹಾಲು ಬಂದದೇನು?" ಎನ್ನುತ್ತಾರೆ. ಅವರ ಮಗ, ಅಂದರೆ ನಮ್ಮ ಮನೆಯವರು, ಅಕ್ಕಿ ಗಿರಣಿಯಲ್ಲಿ ಮ್ಯಾನೇಜರು. ಮೈತುಂಬ ತೌಡು ಹೊತ್ತು ಬಂದು ಸ್ನಾನ ಮಾಡಿ ಉಂಡು ಮಲಗುತ್ತಾರೆ. ಮನೆಯ ಯಾವ ವಿಷಯದಲ್ಲೂ ಅವರ ಅಭಿಪ್ರಾಯ "ಅವ್ವ ಹೇಳಿದಂಗ."

ಹೂದಾನಿ ನೋಡಿ ಅತ್ತೆ, "ದೇವ್ರಿಗಿಲ್ಲ, ತಲಿಗಿಲ್ಲ, ಹಿಂಗ ನೀರಾಗ ನಿಂದ್ರಿಸಿದ್ರ ಏನು ಬಂತು?" ಎಂದಿದ್ದರು. ನಾನು ಹೂದಾನಿಯ ನೀರು ಬದಲಿಸಿದೆ.

ನಮ್ಮ ಕಡೆ ದೇವರನ್ನು ಹೂ ಕೇಳುವ ಪದ್ಧತಿಯಿದೆ. ಮೂರ್ತಿಗೆ ನೀರಿನಲ್ಲಿ ತೋಯಿಸಿದ ಹೂ ಹಚ್ಚಿ, ಕೇಳಬೇಕಾದದ್ದನ್ನು ಮನಸ್ಸಿನಲ್ಲೇ ಕೇಳಿ ಕಾಯುತ್ತಾರೆ. ಹೂ ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಇಲ್ಲ. ಬಲ ಅಂದರೆ ದೇವರ ಬಲ. ಎದುರು ನಿಂತವರಿಗೆ ಅದು ಎಡಗೈ ಕಡೆ. ಏನು ಕೇಳಿದೆವೆಂದು ಕೆಲಸ ಮುಗಿಯುವ ತನಕ ಬಾಯಿಬಿಡುವಂತಿಲ್ಲ.

ಒಂದು ಸಂಜೆ ಅತ್ತೆ ದೀಪ ಹಚ್ಚಿ ಪಟದ ಮುಂದೆ ನಿಂತಿದ್ದರು. ದೇವದುರ್ಗದಲ್ಲಿರುವ ನನ್ನ ಮೈದುನನ ಮಗಳಿಗೆ ಮಾನ್ವಿಯ ಒಂದು ಗಂಡು ಬಂದಿತ್ತು. ಮಾನ್ವಿ ನನ್ನ ತವರಾದ್ದರಿಂದ ಹುಡುಗ ಹೇಗೆಂದು ಎಲ್ಲರೂ ನನ್ನನ್ನು ಕೇಳಿದ್ದರು. ನಾನು ಮಾನ್ವಿ ಬಿಟ್ಟಾಗ ಆ ಹುಡುಗ ಹುಟ್ಟಿರಲಿಲ್ಲ ಎಂದದ್ದು ಯಾರಿಗೂ ಉತ್ತರ ಅನ್ನಿಸಿರಲಿಲ್ಲ. ಅತ್ತೆ ಅದೇ ಚಿಂತೆಯಲ್ಲಿ ಕೈಮುಗಿದು ನಿಂತಿದ್ದಾಗ, ಹೂದಾನಿಯಲ್ಲಿದ್ದ ಹಳೇ ಗುಲಾಬಿಯೊಂದರ ಪಕಳೆ ಕಳಚಿ ಮಲ್ಲಯ್ಯನ ಬಲಕ್ಕೆ ಬಿತ್ತು.

"ಹೂ ಕೊಟ್ಟ!" ಎಂದು ಅತ್ತೆ ಕೂಗಿದ್ದಕ್ಕೆ ನಾನು ಒಲೆ ಆರಿಸದೆ ಓಡಿಬಂದೆ. ಅವತ್ತು ಸಾರು ಸೀದು ಹೋಯಿತು. ಮದುವೆ ಆಯಿತು. ಹುಡುಗ ಒಳ್ಳೆಯವನೇ ಇದ್ದ.

ಆಮೇಲೆ ಪಕ್ಕದ ಮನೆಯಾಕೆ ಬಂದಳು, ಹಿತ್ತಲಲ್ಲಿ ಬೋರು ಹಾಕಿಸಬೇಕೋ ಬೇಡವೋ ಕೇಳಲಿಕ್ಕೆ. ಪಕಳೆ ಎಡಕ್ಕೆ ಬಿತ್ತು. ಆಕೆಯ ಗಂಡ ನಂಬದೆ ಹಾಕಿಸಿದ. ಕಲ್ಲಿನ ಪುಡಿ ಬಿಟ್ಟು ಏನೂ ಬರಲಿಲ್ಲ. ನಮ್ಮ ಓಣಿಯಲ್ಲಿ ಯಾರೇ ಬೋರು ಹಾಕಿಸಿದರೂ ಪುಡಿಯೇ ಬರುತ್ತದೆ. ಅದನ್ನು ಹೇಳಿದೆ. ಕೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ತಮ್ಮ ಪರವಾಗಿ ಹೂ ಕೇಳಿರೆಂದು ದೇವದುರ್ಗದಿಂದಲೂ ಫೋನು ಬರತೊಡಗಿತು. ನಾನು ಹೂ ಸರಿಪಡಿಸಲು ಕೈಚಾಚಿದರೆ, "ಮುಟ್ಟಬ್ಯಾಡ, ಅವ್ರು ಕೇಳಾಕತ್ತಾರ" ಎಂದು ಅತ್ತೆ ತಡೆಯುವಂತಾಯಿತು. ಮನೆಯಲ್ಲಿ ಕೆಲಸ ಹೇಳದ ಒಂದೇ ವಸ್ತುವೂ ಕೈಬಿಟ್ಟು ಹೋಯಿತು.

ಈ ನಡುವೆ ಅತ್ತೆಯ ಕಣ್ಣು ಮಂಜಾಗುತ್ತ ಬಂತು. ಅವರಿಗೆ ಎಡಗಣ್ಣು ಹರೆಯದಲ್ಲೇ ಹೋಗಿತ್ತು, ಜೋಳದ ಗರಿ ಬಡಿದು. ಉಳಿದದ್ದು ಬಲಗಣ್ಣೊಂದೇ. ಅದರಲ್ಲಿ ಪೊರೆ ಕೂತಿತು. ಮೊದಮೊದಲು ಗೊತ್ತಾಗದಂತೆ ಸಂಭಾಳಿಸಿದರು. ಪಲ್ಯಕ್ಕೆ ಎರಡು ಸಲ ಉಪ್ಪು ಬಿದ್ದರೆ, ಉಪ್ಪಿನದೇ ದೋಷ ಎಂಬಂತೆ ಸುಮ್ಮನಿದ್ದರು. ಆದರೆ ಒಂದು ಅಮಾವಾಸ್ಯೆಗೆ ಎಂದಿನಂತೆ ಒಬ್ಬರೇ ದೇವದುರ್ಗದ ಬಸ್ ಹತ್ತಲು ಹೋದವರು ಮಾನ್ವಿಗೆ ಹೋಗಿಬಿಟ್ಟರು. ಅವರಿಗೆ ಓದು ಬರುವುದಿಲ್ಲ. ಬಸ್ಸು ನಿಲ್ಲುವ ಜಾಗ, ಕಂಡಕ್ಟರನ ಮುಖ ನೋಡಿ ಹತ್ತುವವರು. ಮುಖ ಕಾಣದೆ ಯಾವುದೋ ಬಸ್ಸಿನಲ್ಲಿ ಕೂತರು.

ಮಧ್ಯಾಹ್ನ ನನ್ನ ಅಣ್ಣನ ಹೆಂಡತಿ ಮಾನ್ವಿಯಿಂದ ಫೋನು ಮಾಡಿದಳು. "ನಿಮ್ಮತ್ತಿ ಬಂದಾರ. ನಮ್ಮನ್ನ ನೋಡಿ ಬಾಳ ದಿನಾ ಆಗಿತ್ತಂತ ಬಂದಾರಂತ. ಏನರೇ ಜಗಳಾಗ್ಯದೇನು?" ಅತ್ತೆ ಅಲ್ಲಿ ರೊಟ್ಟಿ, ಪುಂಡಿಪಲ್ಯ ಉಂಡು, ಸ್ವಲ್ಪ ಅಡ್ಡಾಗಿ, ಸಂಜೆ ತಿರುಗಿ ಬಂದರು. ಕೈಯಲ್ಲಿ ನನ್ನ ತವರಿನ ಚೀಲ, ಅದರಲ್ಲಿ ಸೇಂಗಾ ಹೋಳಿಗೆ.

"ದೇವದುರ್ಗದಾಗ ಎಲ್ಲಾರೂ ಆರಾಮದಾರ" ಎಂದರು.

"ಅತ್ತೀ, ಬಸ್ ತಪ್ಪಿತೇನ್ರಿ?"

"ಬಸ್ ಯಾಕ ತಪ್ತದ? ಅದು ಹೋಗೂ ಕಡೀಗೇ ಹೋತು."

ಮರುದಿನವೇ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದೆ. ಪೊರೆ ಬಲಿತಿದೆ, ಇನ್ನೂ ತಡ ಮಾಡಿದರೆ ಕಷ್ಟ, ತೆಗೆದರೆ ಚೆನ್ನಾಗಿ ಕಾಣುತ್ತದೆ ಎಂದರು. ಅತ್ತೆ ಎಲ್ಲ ಕೇಳಿಸಿಕೊಂಡು ಡಾಕ್ಟರಿಗೆ ನಮಸ್ಕಾರ ಮಾಡಿ ಎದ್ದುಬಂದರು. ಆಮೇಲಿನ ವಾರ ಊರಿಗೆ ಹೋಗಿ ಊರ ದೇವರನ್ನು ಹೂ ಕೇಳಿದರು. ಎಡಕ್ಕೆ ಬಿತ್ತಂತೆ. ತಿರುಗಿ ಬಂದು, "ಆಪರೇಷನ್ ಬ್ಯಾಡ. ನೋಡೋದೆಲ್ಲ ನೋಡೀನಿ" ಎಂದು ಮಾತು ಮುಗಿಸಿದರು. ನಮ್ಮ ಮನೆಯವರನ್ನು ಕೇಳಿದರೆ, "ಅವ್ವ ಹೇಳಿದಂಗ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇರುವುದು ಒಂದು ಕಣ್ಣು. ಅದನ್ನು ಒಂದು ಹೂವಿನ ಮಾತಿಗೆ ಬಿಟ್ಟುಕೊಡುವುದೆಂದರೇನು? ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುವುದನ್ನು ನೋಡುವಾಗ ಸಂಕಟವಾಗುತ್ತಿತ್ತು. ಡಾಕ್ಟರ ಮಾತು ನಡೆಯಲಿಲ್ಲ, ನನ್ನ ಮಾತಂತೂ ಮೊದಲೇ ಇಲ್ಲ. ಅವರು ಕೇಳುವುದು ಹೂವಿನ ಮಾತನ್ನು ಮಾತ್ರ. ಸರಿ, ಹೂವಿನ ಕೈಯಲ್ಲೇ ಹೇಳಿಸೋಣ ಎಂದುಕೊಂಡೆ.

"ಊರ ದೇವ್ರು ಒಲ್ಲೆ ಅಂದ್ರ ಏನಾತು? ಮನಿ ದೇವ್ರನ್ನ ಒಂದು ಮಾತು ಕೇಳ್ರಿ" ಎಂದೆ. ಅತ್ತೆ ಪಟದ ಕಡೆ ತಿರುಗಿದರು. "ಕೇಳೋಣು" ಎಂದರು.

ಗುಲಾಬಿಯ ಪಕಳೆಯನ್ನು ಹೇಳಿದ ಕಡೆಗೆ ಬೀಳಿಸುವುದು ಅಷ್ಟು ಸುಲಭವಲ್ಲ. ಮೊದಲು ಸರಿಯಾದ ಹೂ ಸಿಗಬೇಕು. ಅಂಗಡಿಯಾಕೆ ಅವತ್ತು ಚೆನ್ನಾಗಿದ್ದ ಕಟ್ಟು ತೆಗೆದಿಟ್ಟಿದ್ದಳು. ನಾನು ಬೇಡವೆಂದು, ಮೂಲೆಯಲ್ಲಿ ಪೂರ್ತಿ ಅರಳಿ ಸುಸ್ತಾಗಿದ್ದವನ್ನು ಆರಿಸತೊಡಗಿದೆ. "ಅಕ್ಕಾ, ಎಲ್ಲಾರೂ ಮೊಗ್ಗು ಕೇಳ್ತಾರ. ನೀವೊಬ್ರೇ ನೋಡ್ರಿ ಸಾಯೂ ಹೂ ಕೇಳೋರು" ಎಂದಳು. ಸುಮ್ಮನೆ ಕೊಡು ಎಂದೆ.

ಅಡುಗೆಮನೆಯ ಕಟ್ಟೆಯ ಮೇಲೆ ಹೂದಾನಿ ಇಟ್ಟುಕೊಂಡು ಅಭ್ಯಾಸ ಮಾಡಿದೆ. ಹೂ ನೆಟ್ಟಗಿದ್ದರೆ ಪಕಳೆ ಅದರ ಬುಡಕ್ಕೇ ಬೀಳುತ್ತದೆ, ಅದಕ್ಕೆ ಅರ್ಥವಿಲ್ಲ. ಬಾಯಿಯ ಅಂಚು ದಾಟಿ ಬಾಗಬೇಕು. ಬಾಗಿದ ಹೂ ತಾನೇ ತಿರುಗಿಕೊಳ್ಳುತ್ತದೆ. ಅದು ತಿರುಗದಂತೆ ಎಡೆಯಲ್ಲಿ ಗಟ್ಟಿ ಸೇವಂತಿಗೆಯ ಕಡ್ಡಿಗಳನ್ನು ತುರುಕಬೇಕು. ಸೇವಂತಿಗೆ ಒಣಗಿದರೂ ಪಕಳೆ ಬಿಡುವುದಿಲ್ಲ, ನಂಬಿಕಸ್ತ ಹೂ. ಕೊನೆಗೆ ಗುಲಾಬಿಯ ಹೊರಗಿನ ಪಕಳೆಗಳ ಬುಡವನ್ನು ಉಗುರಿನಿಂದ ಸ್ವಲ್ಪ ಸಡಿಲಿಸಬೇಕು. ಹೆಚ್ಚಾದರೆ ಹಲಗೆಯ ತನಕ ಒಯ್ಯುವಷ್ಟರಲ್ಲಿ ಉದುರುತ್ತದೆ. ಹಾಗೆ ಮೂರ್ನಾಲ್ಕು ಹೂ ಹಾಳಾದವು.

ಹೂದಾನಿಯನ್ನು ಹಲಗೆಯ ಮೇಲಿಟ್ಟು, ಗುಲಾಬಿಯನ್ನು ಮಲ್ಲಯ್ಯನ ಬಲಕ್ಕೆ ಬಾಗಿಸಿದೆ. ನನ್ನ ಎಡ, ಅವನ ಬಲ ಎಂದು ಮತ್ತೊಮ್ಮೆ ಬಾಯಿಪಾಠ ಹೇಳಿಕೊಂಡೆ. ನಾನೂ ನಂಬುವವಳೇ, ದಿನಾ ವಿಭೂತಿ ಹಚ್ಚಿಕೊಂಡೇ ಬಸ್ ಹತ್ತುತ್ತೇನೆ. ಅದಕ್ಕೇ ಪಟದ ಕಡೆ ನೋಡಿ, "ಯಪ್ಪಾ, ಮುದುಕಿ ಕಣ್ಣಿಂದು. ಈ ಹೊತ್ತೊಂದು ದಿನ ಸುಮ್ನಿರು" ಎಂದು ಕೇಳಿಕೊಂಡೆ.

ದೀಪದ ಹೊತ್ತಾಯಿತು. ಅತ್ತೆ ಮುಖ ತೊಳೆದು, ಸೆರಗು ಹೊದ್ದು, ಪಟದ ಮುಂದೆ ಕಣ್ಣು ಮುಚ್ಚಿ ನಿಂತರು. ತುಟಿ ಅಲುಗುತ್ತಿತ್ತು. ಪಕಳೆ ಅಲುಗಲಿಲ್ಲ. ಊದಿನಕಡ್ಡಿ ಅರ್ಧ ಉರಿಯಿತು. ಅವರ ಮಂಡಿ ನಡುಗತೊಡಗಿದ್ದು ಸೀರೆಯ ಮೇಲಿಂದಲೇ ಕಾಣುತ್ತಿತ್ತು. ಇಷ್ಟೊಂದು ಭಯ ಯಾತಕ್ಕೆ ಎಂದು ಆಗ ನನಗೆ ಅನ್ನಿಸಿತು, ಆದರೆ ನನ್ನ ಗಮನ ಪೂರ್ತಿ ಗುಲಾಬಿಯ ಮೇಲಿತ್ತು.

ನಾನು ಮೆಲ್ಲಗೆ ಸರಿದು ಟೇಬಲ್ ಫ್ಯಾನಿನ ಗುಂಡಿ ಒತ್ತಿದೆ.

"ಫ್ಯಾನ್ ಯಾಕ ಹಾಕ್ದಿ?" ಕಣ್ಣು ತೆಗೆಯದೆ ಕೇಳಿದರು.

"ಸೆಕಿ ಆಗ್ಯದ್ರಿ."

ರಾಯಚೂರಿನಲ್ಲಿ ಈ ಮಾತನ್ನು ವರ್ಷದ ಯಾವ ದಿನ ಹೇಳಿದರೂ ಯಾರೂ ಅನುಮಾನಪಡುವುದಿಲ್ಲ. ದೀಪ ಆರುವಂತಾಗಿ ಮತ್ತೆ ನಿಂತಿತು. ಗುಲಾಬಿ ಒಮ್ಮೆ ತಲೆ ಆಡಿಸಿ ಒಂದಲ್ಲ, ಒಂದು ಹಿಡಿ ಪಕಳೆಯನ್ನು ಬಲಕ್ಕೆ ಸುರಿಯಿತು. ಮಲ್ಲಯ್ಯ ಇಷ್ಟು ಧಾರಾಳವಾಗಿ ಹೂ ಕೊಟ್ಟದ್ದನ್ನು ನಮ್ಮ ಮನೆತನದಲ್ಲಿ ಯಾರೂ ಕಂಡಿರಲಿಲ್ಲ.

"ಬಿತ್ತ್ರಿ ಅತ್ತಿ. ಬಲಕ್ಕ."

ಅತ್ತೆ ಬಾಯಿಮಾತನ್ನು ನಂಬುವವರಲ್ಲ. ಹಲಗೆಯ ಮೇಲೆ ಕೈಯಾಡಿಸಿದರು. ಮೊದಲು ದೇವರ ಎಡಗಡೆ ತಡವಿದರು, ಅಲ್ಲಿ ಏನೂ ಇರಲಿಲ್ಲ. ಆಮೇಲೆ ಬಲಗಡೆ. ಪಕಳೆಗಳು ಕೈಗೆ ಹತ್ತಿದವು. ಅವನ್ನು ಒಂದೊಂದಾಗಿ ಆರಿಸಿ ಕಣ್ಣಿಗೊತ್ತಿಕೊಂಡು, ಅಲ್ಲೇ ನೆಲಕ್ಕೆ ಕೂತು, ಸೆರಗಿನಿಂದ ಮುಖ ಮುಚ್ಚಿಕೊಂಡರು. ನಾನು ಒಳಗೆ ಹೋಗಿ ಚಹಾಕ್ಕೆ ಇಟ್ಟೆ. ಗೆದ್ದೆ ಅನ್ನಿಸಿತ್ತು.

ಬೆಳಿಗ್ಗೆ ಅವರೇ ಕೇಳಿದರು. "ಆ ಡಾಕ್ಟ್ರು ಇವತ್ತು ಇರ್ತಾರೇನು?" ಅವರ ಭಾಷೆಯಲ್ಲಿ ಇದಕ್ಕಿಂತ ಸ್ಪಷ್ಟವಾದ ಒಪ್ಪಿಗೆ ಇಲ್ಲ.

ಆಪರೇಷನ್ ಸುಸೂತ್ರವಾಗಿ ಆಯಿತು. ಕಪ್ಪು ಕನ್ನಡಕ ಹಾಕಿಕೊಂಡು ಆಟೋದಲ್ಲಿ ಗಂಭೀರವಾಗಿ ಕೂತು ಮನೆಗೆ ಬಂದರು. ನಾನು ರಜೆ ಹಾಕಿ ಹೊತ್ತು ಹೊತ್ತಿಗೆ ಕಣ್ಣಿಗೆ ಔಷಧದ ಹನಿ ಬಿಟ್ಟೆ. ಒಂದು ಮಧ್ಯಾಹ್ನ ಹನಿ ಬಿಡಲು ಬಗ್ಗಿದಾಗ ನನ್ನ ಮುಖವನ್ನೇ ದಿಟ್ಟಿಸಿ ನೋಡಿದರು.

"ನಿನ್ನ ಕೂದಲು ಯಾವಾಗ ಇಷ್ಟು ಬೆಳ್ಳಗಾದ್ವು?"

"ನೀವು ನೋಡದಾಗ ಆದ್ವು ನೋಡ್ರಿ."

ಎದ್ದು ಮನೆಯೆಲ್ಲ ಒಂದು ಸುತ್ತು ಹಾಕಿದರು. ಪಟದ ಚೌಕಟ್ಟಿನ ಧೂಳು ಕಂಡಿತು, ಹೇಳಿದರು. ಫ್ಯಾನಿನ ರೆಕ್ಕೆಯ ಧೂಳು ಕಂಡಿತು, ಅದನ್ನೂ ಹೇಳಿದರು. ಕಣ್ಣು ಬಂದದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿರಲಿಲ್ಲ. ಹೂದಾನಿಯ ಮುಂದೆ ನಿಂತು, "ಸೇವಂತಿಗಿ ಇಷ್ಟ್ಯಾಕ ತುರುಕೀದಿ? ಉಸುರು ಕಟ್ತದ" ಎಂದರು. ನಾನು ಎರಡು ಕಡ್ಡಿ ತೆಗೆದೆ. ಖುಷಿಯಲ್ಲಿದ್ದೆ. ಬಾಯಿ ತಡೆಯಲಿಲ್ಲ.

"ನೋಡ್ರಿ ಅತ್ತಿ, ಊರ ದೇವ್ರು ಕಣ್ಣಿನ ಆಪರೇಷನ್ ಬ್ಯಾಡಂದ. ಮಲ್ಲಯ್ಯ ಮಾಡಿಸು ಅಂದ. ಯಾರ ಮಾತು ಖರೆ ಆತು?"

"ಕಣ್ಣಿಂದ್ಯಾರು ಕೇಳಿದ್ರು?" ಎಂದರು ಅತ್ತೆ.

"ಮತ್ತೇನು ಕೇಳಿದ್ರಿ?"

ಕೆಲಸ ಮುಗಿದಿದ್ದರಿಂದ ಹೇಳಬಹುದಿತ್ತು. ಹಲಗೆಯ ಧೂಳನ್ನು ಬೆರಳಿನಿಂದ ಒರೆಸುತ್ತ ಹೇಳಿದರು. "ಇರೂದು ಒಂದು ಕಣ್ಣು. ಆಪರೇಷನ್ದಾಗ ಅದೂ ಕೆಟ್ಟು ಪೂರಾ ಕುರುಡಿ ಆದ್ರ, ಈಕಿ ನನ್ನ ನೋಡ್ಕೋತಾಳೇನಪ್ಪಾ ಅಂತ ಕೇಳಿದ್ದೆ. ಊರಾಗೂ ಅದನ್ನೇ ಕೇಳಿದ್ದೆ. ಅವ ಎಡಕ್ಕ ಕೊಟ್ಟ."

ನನ್ನ ಕೈಯಲ್ಲಿ ಸೇವಂತಿಗೆಯ ಕಡ್ಡಿಗಳು ಹಾಗೇ ಇದ್ದವು.

"ಮಗನ್ನ ಕೇಳಬೇಕಿತ್ತಲ್ರಿ."

"ಅವನೇನು ನೋಡ್ತಾನ? ಕೈ ಹಿಡದು ಬಚ್ಚಲಕ್ಕ ಒಯ್ಯಾಕಿ ನೀನಲ್ಲೇನು?"

"ಹಂಗಾದ್ರ ನನ್ನೇ ಕೇಳಿದ್ರ ಆಗ್ತಿದ್ದಿಲ್ಲೇನ್ರಿ?"

"ನಿನ್ನ ಕೇಳಿದ್ರ ಹೂಂ ಅಂತಿದ್ದಿ. ಎದುರಿಗೆ ನಿಂತು ಯಾರರೇ ಒಲ್ಲೆ ಅಂತಾರೇನು? ದೇವ್ರಿಗೆ ಆ ದಾಕ್ಷಿಣ್ಯ ಇಲ್ಲ." ಆಮೇಲೆ ನನ್ನನ್ನು ಸಮಾಧಾನ ಮಾಡುವವರಂತೆ, "ಊರ ದೇವ್ರು ನಿನ್ನ ಎಲ್ಲಿ ನೋಡ್ಯಾನ? ವರ್ಷಕ್ಕೊಮ್ಮೆ ಹೋಗ್ತಿ, ಅದೂ ಮಕ ಗಂಟಿಕ್ಕೊಂಡು. ಈ ಮಲ್ಲಯ್ಯ ದಿನಾ ನೋಡ್ತಾನ. ಅವನಿಗೆ ಗೊತ್ತದ" ಎಂದರು.

ನನಗೆ ಸಿಟ್ಟು ಬಂತು. ಇಷ್ಟು ವರ್ಷ ಒಂದೇ ಒಲೆಯ ಅಡುಗೆ ಉಂಡು, ನನ್ನ ಬಗ್ಗೆ ಎರಡು ದೇವರ ಹತ್ತಿರ ವಿಚಾರಣೆ ಮಾಡಿಸಿದ್ದರು. ಸಿಟ್ಟಿನ ಹಿಂದೆಯೇ ಅಳು ಬಂತು. ಅವತ್ತು ಮಂಡಿ ನಡುಗಿದ್ದು ಡಾಕ್ಟರ ಚಾಕುವಿಗೆ ಹೆದರಿಯಲ್ಲ, ನನಗೆ ಹೆದರಿ. ಆ ಗುಲಾಬಿಯನ್ನು ಬಾಗಿಸಿ, ಪಕಳೆಯ ಬುಡ ಸಡಿಲಿಸಿ, ಫ್ಯಾನ್ ಹಾಕಿ ಬಲಕ್ಕೆ ಬೀಳಿಸಿದವಳು ನಾನು ಎಂದು ಹೇಳಲು ಬಾಯಿ ತೆರೆದೆ. ಹೇಳಿದರೆ ದೇವರ ಉತ್ತರ ಹೋಗಿ ಮತ್ತೆ ಅವರು ನಂಬದ ಸೊಸೆಯ ಉತ್ತರವಷ್ಟೇ ಉಳಿಯುತ್ತಿತ್ತು. ಬಾಯಿ ಮುಚ್ಚಿದೆ. ಆದರೆ ಸುಮ್ಮನಿರಲೂ ಆಗಲಿಲ್ಲ.

"ನಾ ನೋಡ್ಕೋತೀನ್ರಿ ಅತ್ತಿ" ಎಂದೆ.

ಅತ್ತೆ ಕಪ್ಪು ಕನ್ನಡಕದೊಳಗಿಂದ ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದರು.

"ಈಗ್ಯಾಕ ಹೇಳ್ತಿ?" ಎಂದರು. "ಕಣ್ಣು ಬಂದದಲ್ಲ."